ಭಾವಾ, ಬೇಡ!

ಕನ್ನಡಕದಂಗಡಿಯ ಬಾಗಿಲಿಗೆ ‘ಇವತ್ತು ರಜೆ’ ಎಂಬ ಚೀಟಿ ಅಂಟಿಸಿ ಅವನು ಬೀಗ ಹಾಕಿದ. ನಲವತ್ತೇಳರಲ್ಲಿ ಮತ್ತೆ ಬ್ಯಾಟು ಹಿಡಿಯುವುದೆಂದರೆ ಹುಡುಗಾಟವೇ? ಹಳೆಯ ಆಟಗಾರರನ್ನು ಕಲೆಹಾಕಿ ಯಾರೋ ಹತ್ತು ಓವರುಗಳ ಪ್ರದರ್ಶನ ಪಂದ್ಯಾವಳಿ ಏರ್ಪಡಿಸಿದ್ದರು. ಅವನು ಹೂಂ ಎಂದದ್ದು ಒಂದೇ ಕಾರಣಕ್ಕೆ. ಒಂಬತ್ತು ವರ್ಷದ ಮಗಳು ಅವನು ಆಡುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಅವಳು ಹುಟ್ಟುವ ಹೊತ್ತಿಗೆ ಅವನು ಆಟ ಬಿಟ್ಟು ಮೂರು ವರ್ಷವಾಗಿತ್ತು. ಅವಳಿಗೆ ಗೊತ್ತಿದ್ದ ಅಪ್ಪ, ಕಪಾಟಿನಡಿ ಉರುಳಿದ ಕನ್ನಡಕದ ಸ್ಕ್ರೂ ಹುಡುಕಿ, ‘ಅಯ್ಯಮ್ಮಾ’ ಎನ್ನುತ್ತ ಏಳುವವನು.

“ಅಪ್ಪಾ, ನೀನು ನಿಜವಾಗ್ಲೂ ಆಡ್ತಿದ್ಯಾ? ಇಲ್ಲಾ ಅತ್ತೆ ಸುಮ್ನೆ ಹೇಳ್ತಾರಾ?” ಎಂದು ಕೇಳಿದ್ದಳು. ಆ ಮಾತು ಅವನಲ್ಲಿ ಮುಳ್ಳಿನಂತೆ ನಾಟಿತ್ತು.

ಅವನ ಜೊತೆ ಆಟ ಆರಂಭಿಸುವವನು ಅಕ್ಕನ ಗಂಡ. ತಂಡದವರು ಇಟ್ಟ ಹೆಸರು ಗಡಿಬಿಡಿ. ಹನ್ನೊಂದು ವರ್ಷ ಇಬ್ಬರೂ ಒಟ್ಟಿಗೆ ಆಡಿದ್ದರು. ಆಗೆಲ್ಲ ‘ಲೇ’ ಎಂಬುದೇ ಕರೆ. ಆಟ ಬಿಟ್ಟ ವರ್ಷವೇ, ಮದುವೆಯೇ ಬೇಡವೆಂದು ಕೂತಿದ್ದ ಅಕ್ಕ ಗಡಿಬಿಡಿಗೆ ಒಲಿದಳು. ಅಂದಿನಿಂದ ‘ಲೇ’ ಹೋಗಿ ‘ಭಾವ’ ಬಂತು, ‘ನೀನು’ ಹೋಗಿ ‘ನೀವು’ ಬಂತು.

“ಮಂಡಿ ಹೇಗಿದೆ, ಭಾವ?” ಪ್ಯಾಡು ಕಟ್ಟುತ್ತ ಕೇಳಿದ.

“ಅದು ಅದರ ಪಾಡಿಗಿದೆ, ನಾನು ನನ್ನ ಪಾಡಿಗಿದ್ದೀನಿ. ನಿಮ್ಮಕ್ಕ ಅರ್ಧ ಡಬ್ಬಿ ಮುಲಾಮು ಬಳಿದು ಕಳಿಸಿದ್ದಾಳೆ. ನೀನು ಕರಿ, ನಾನು ಓಡ್ತೀನಿ. ಯೋಚನೆ ಮಾಡೋ ಕೆಲಸ ಯಾವತ್ತೂ ನಿಂದೇ ಅಲ್ವೇನೋ?”

ಮೊದಲ ಓವರನ್ನು ಪೂರ್ತಿ ಭಾವನೇ ಆಡಿ, ಎರಡು ಫೋರು ಬಾರಿಸಿದ. ಎರಡನೆಯ ಓವರಿನ ಮೊದಲ ಚೆಂಡು ಅವನ ಪಾಲಿಗೆ ಬಂತು. ಬೇಲಿಯ ಬಳಿ ಅಕ್ಕನ ಪಕ್ಕದಲ್ಲಿ ಮಗಳು ತುದಿಗಾಲಲ್ಲಿ ನಿಂತಿದ್ದಳು. ಚೆಂಡನ್ನು ಮೆತ್ತಗೆ ತಳ್ಳಿದ. ಅದು ನೆಟ್ಟಗೆ ಫೀಲ್ಡರಿನ ಕಡೆಗೇ ಹೋಯಿತು.

“ಭಾವಾ, ಬೇಡ!” ಎಂದು ಕೂಗಿದ.

ಆ ಬಾಯಿಂದ ‘ಬಾ’ ಎಂದು ಕೇಳಿದೊಡನೆ ಓಡುವುದು ಗಡಿಬಿಡಿಯ ಕಾಲುಗಳಿಗೆ ಹನ್ನೊಂದು ವರ್ಷದ ರೂಢಿ. ಕಿವಿಗೆ ಮೊದಲು ಬಿದ್ದದ್ದು ‘ಭಾ’. ಉಳಿದದ್ದು ತಲುಪುವಷ್ಟರಲ್ಲಿ ಕಾಲು ಹೊರಟಾಗಿತ್ತು.

ಅವನು ಕದಲದೆ ನಿಂತರೆ ಔಟಾಗುವವನು ಭಾವ. ನಿಲ್ಲಬಹುದಿತ್ತು, ತಪ್ಪು ಅವನದಲ್ಲವಲ್ಲ. ಆದರೆ ಭಾವ ಚೆಂಡಿನ ಕಡೆ ತಿರುಗಿಯೂ ನೋಡದೆ, ಒಂದು ಕಾಲು ಎಳೆಯುತ್ತ, ಕರೆದವನು ನೋಡಿಯೇ ಕರೆದಿರುತ್ತಾನೆ ಎಂಬ ಮುಖ ಹೊತ್ತು ಬರುತ್ತಿದ್ದ. ಆ ಮುಖವನ್ನು ನೋಡಿಕೊಂಡು ನಿಲ್ಲುವುದು ಅವನಿಂದಾಗಲಿಲ್ಲ. ಓಡಿದ. ಭಾವನನ್ನು ದಾಟಿ, ಉಸಿರು ಬಿಗಿಹಿಡಿದು ಓಡಿ, ಮುಗ್ಗರಿಸಿ ಬಿದ್ದ. ಗೆರೆ ಇನ್ನೂ ಒಂದು ಮೊಳ ದೂರವಿರುವಾಗಲೇ ವಿಕೆಟ್ಟು ಉರುಳಿತು. ಒಂದು ಚೆಂಡು, ಸೊನ್ನೆ.

“ಬಾ ಅಂದ್ಯಲ್ಲೋ!” ಭಾವ ಕುಂಟುತ್ತ ಬಂದ.

“ಬಾ ಅಲ್ಲ, ಭಾವ ಅಂದೆ.”

ಭಾವ ಒಂದು ಕ್ಷಣ ಪಿಳಿಪಿಳಿ ನೋಡಿದ. “ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ಮೈದಾನದಲ್ಲಿ ಯಾವನೋ ನಿಂಗೆ ಭಾವ?”

ನಗು ಬಂತಾದರೂ ಬೇಲಿಯ ಹತ್ತಿರ ಬರುವಷ್ಟರಲ್ಲಿ ಅದು ಆರಿಹೋಗಿತ್ತು. ಅವನು ತಲೆಯೆತ್ತದೆ ಮಗಳ ಪಕ್ಕ ಕುಳಿತ.

“ನೀನು ಬೇಡ ಅಂದಿದ್ದು ನಂಗೂ ಕೇಳಿಸ್ತು,” ಎಂದಳು. “ಮತ್ಯಾಕೆ ಓಡ್ದೆ?”

“ಮಾವ ನನ್ನನ್ನ ನಂಬಿ ಬಂದುಬಿಟ್ಟಿದ್ರು, ಪುಟ್ಟಿ. ನಿಂಗೆ ತೋರಿಸೋಕೆ ಏನೂ ಆಗ್ಲಿಲ್ಲ ನೋಡು.”

ಅವಳು ಹತ್ತಿರ ಸರಿದಳು. ತರಚಿದ ಅವನ ಮೊಣಕೈಯ ಮಣ್ಣನ್ನು ಫ್ರಾಕಿನ ಅಂಚಿನಿಂದ ಒರೆಸಿದಳು. ಅತ್ತ ಭಾವ ಮತ್ತೊಂದು ಫೋರು ಹೊಡೆದ. ಜನ ಹೋ ಎಂದರು. ಮಗಳು ಮುಂದಿನ ಸಾಲಿನ ಅಪರಿಚಿತ ಹೆಂಗಸಿನ ಭುಜ ತಟ್ಟಿ ಜೋರಾಗಿ ಹೇಳಿದಳು:

“ಔಟ್ ಆಗ್ಬೇಕಾಗಿದ್ದು ಅವ್ರು, ಆಂಟಿ. ನಮ್ಮಪ್ಪ ಓಡಿ ಉಳಿಸಿದ್ರು. ಎಷ್ಟು ಜೋರಾಗಿ ಓಡಿದ್ರು, ನೋಡಿದ್ರಾ?”