ಹನ್ನೊಂದನೆಯ ಪ್ರಶ್ನೆ

"ದುಂಡಪ್ಪಂಗೆ ಕಮ್ಮಿ ಆಗಿರೋದು ಒಂದೆರಡು ಮಾರ್ಕ್ಸ್ ಅಲ್ಲ ಮೇಡಂ, ಬಂದಿರೋದೇ ನಲವತ್ತಕ್ಕೆ ಹತ್ತು," ಎಂದು ಸಹಾಯಕ ಗಿರಿಧರ್ ಲ್ಯಾಪ್‌ಟಾಪನ್ನು ಕಲ್ಯಾಣಿಯ ಕಡೆ ತಿರುಗಿಸಿದ. "ಈಗ ನೀವು ಲಿಸ್ಟ್ ಮುಟ್ಟಿದ್ರೆ, ಕನ್ನಡದೋರು ಅಂತ ಸೇರಿಸಿದ್ರು ಅಂತಾರೆ. ಸುಮ್ನೆ ಯಾಕೆ ಬೇಕು?"

ಅದೇ ಭಯ ಅವಳಿಗೂ ಇತ್ತು. ಜರ್ಮನಿಯ ಬೊಬ್ಲಿಂಗೆನ್ ಹತ್ತಿರದ ಆ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನ್ ವಿಭಾಗ ಮಾರ್ಚ್‌ಗೆ ಮುಚ್ಚುತ್ತಿತ್ತು. ಎಪ್ಪತ್ತು ಜನರಲ್ಲಿ ನಲವತ್ತು ಜನರಿಗೆ ಬ್ಯಾಟರಿ ಕೆಲಸದ ತರಬೇತಿ, ಉಳಿದವರಿಗೆ ಪರಿಹಾರ ಕೊಟ್ಟು ಬೀಳ್ಕೊಡುಗೆ. ತರಬೇತಿ ವಿಭಾಗದ ಮುಖ್ಯಸ್ಥೆಯಾಗಿ ಆಯ್ಕೆಯ ಪರೀಕ್ಷೆಯನ್ನು ರೂಪಿಸಿದವಳು ಕಲ್ಯಾಣಿಯೇ. ಅದರಲ್ಲಿ ಕೊನೆಯವರಾಗಿ ಬಂದಿದ್ದವರು ದುಂಡಪ್ಪ, ಇಪ್ಪತ್ತಾರು ವರ್ಷದಿಂದ ಅಲ್ಲಿದ್ದವರು, ಯಂತ್ರದ ಸದ್ದು ಕೇಳಿಯೇ ಅದರ ರೋಗ ಹೇಳುವವರು. ಪಕ್ಷಪಾತ ಅನ್ನಿಸೀತೆಂದು ಅವಳು ಮೂರು ವರ್ಷದಿಂದ ಅವರೊಡನೆ ಜರ್ಮನ್‌ನಲ್ಲೇ ಮಾತಾಡಿದ್ದಳು.

ಆ ಮಧ್ಯಾಹ್ನ ಅವರ ಪರೀಕ್ಷೆಯ ದಾಖಲೆಯನ್ನು ನೋಡಿ ಅವಳು ಕೆಳಗಿನ ವರ್ಕ್‌ಶಾಪಿಗೆ ಹೋದಳು.

"ದುಂಡಪ್ಪನವರೇ, ಹನ್ನೊಂದನೆಯ ಪ್ರಶ್ನೆಯ ಮೇಲೆ ಐವತ್ತು ನಿಮಿಷ ಯಾಕೆ ಕೂತಿದ್ರಿ?"

ಅವರು ಕೈ ಒರೆಸಿಕೊಳ್ಳುತ್ತ ನಕ್ಕರು. "ಅಬ್ಬಾ, ಕನ್ನಡ ಬರ್ತೈತೇನ್ರೀ ನಿಮಗ? ಮರ್ತೀರಿ ಅಂದ್ಕೊಂಡಿದ್ದೆ."

ಅವಳ ಮುಖ ಬಿಸಿಯಾಯಿತು.

"ಬ್ಯಾಟರಿ ಬಿಚ್ಚೂದು ಯಾವ ಕ್ರಮದಾಗ ಅಂತ ಕೇಳೀರಿ," ಎಂದರು ಅವರು. "ಲೈನ್ ಬಂದ್ ಮಾಡಿದ ಮ್ಯಾಲೆ ಮೀಟರ್ ಹಚ್ಚಿ, ಕರೆಂಟ್ ಇಲ್ಲಂತ ಖಾತ್ರಿ ಮಾಡ್ಕೊಬೇಕಲ್ರೀ? ನೀವು ಕೊಟ್ಟ ನಾಲ್ಕು ಉತ್ತರದಾಗೂ ಅದು ಇಲ್ಲ."

"ಯಾವುದಾದರೂ ಒಂದು ಒತ್ತಿ ಮುಂದೆ ಹೋಗಬಹುದಿತ್ತಲ್ಲ?"

"ಒತ್ತಿದ್ರ ನಾ ಸೈ ಹಾಕಿದಂಗ ಆತಲ್ರೀ. ನಾಳೆ ಯಾವನರ ಹಂಗ ಬಿಚ್ಚಿ ಸತ್ರ? ಒತ್ತಲಾರ್ದ ನಿಮ್ಮ ಕಂಪ್ಯೂಟರ್ ಡಬ್ಬಿ ಮುಂದ ಬಿಡವಲ್ದು. ಕೈ ಎತ್ತಿದೆ. ಪರೀಕ್ಷಾದಾಗ ಮಾತಿಲ್ಲ ಅಂದ ನಿಮ್ಮ ಗಿರಿಧರ."

ಕಲ್ಯಾಣಿಗೆ ನೆನಪಾಯಿತು. ಉತ್ತರಗಳು ಪರದೆಯಲ್ಲಿ ಹಿಡಿಯುತ್ತಿಲ್ಲವೆಂದು ಒಂದೊಂದರಿಂದಲೂ ಒಂದು ಸಾಲನ್ನು ತೆಗೆದುಹಾಕಿದವಳು ಅವಳೇ. ಅರವತ್ತೊಂಬತ್ತು ಜನ ಏನನ್ನೋ ಒತ್ತಿ ಮುಂದೆ ಹೋಗಿದ್ದರು.

ಮರುದಿನದ ಸಭೆಯಲ್ಲಿ ಅವಳ ಮೊದಲ ಸ್ಲೈಡ್ 'ಎಲ್ಲರಿಗೂ ನಾಳೆಯ ಕೆಲಸ' ಗೋಡೆಯ ಮೇಲೆ ಬೆಳಗುತ್ತಿತ್ತು.

"ಈ ಪಟ್ಟಿಯನ್ನು ನಾನು ಕೊಡಲಾರೆ," ಎಂದಳು. "ನನ್ನ ಒಂದು ಪ್ರಶ್ನೆಯಲ್ಲಿ ಸುರಕ್ಷತೆಯ ಹಂತವೇ ಬಿಟ್ಟುಹೋಗಿದೆ. ಅದನ್ನು ಕಂಡು ನಿಂತವರು ಒಬ್ಬರೇ. ಅವರನ್ನು ನನ್ನ ಪರೀಕ್ಷೆ ಫೇಲ್ ಮಾಡಿದೆ. ಎಪ್ಪತ್ತು ಜನರಿಗೂ ಮತ್ತೆ ಪರೀಕ್ಷೆ ಆಗಬೇಕು, ಪರದೆಯ ಮೇಲಲ್ಲ, ವರ್ಕ್‌ಶಾಪಿನಲ್ಲಿ."

ಕಾರ್ಖಾನೆಯ ನಿರ್ದೇಶಕಿ ಫ್ರೌ ಕೆಲ್ಲರ್ ಕನ್ನಡಕ ತೆಗೆದರು. "ಆ ಒಬ್ಬರು ನಿಮ್ಮ ದೇಶದವರಾ?"

"ಹೌದು. ನನ್ನ ಭಾಷೆಯವರೂ ಹೌದು."

"ಎರಡು ವಾರ ತಡವಾಗುತ್ತದೆ. ಕಾರಣ ಅಂತ ವರದಿಯಲ್ಲಿ ನಿಮ್ಮ ಹೆಸರು ಬರುತ್ತದೆ."

"ಬರಲಿ."

ಮಾತು ಮುಗಿದ ಮೇಲೆ ಬೆರಳ ಗೆಣ್ಣಿನಿಂದ ಮೇಜು ಬಡಿದು ಮೆಚ್ಚುವುದು ಅಲ್ಲಿನ ರೂಢಿ. ಅಂದು ಯಾರೂ ಬಡಿಯಲಿಲ್ಲ.

ಎರಡನೆಯ ಪರೀಕ್ಷೆಯ ದಿನ ದುಂಡಪ್ಪನವರ ಸರದಿ ನಲವತ್ತಮೂರನೆಯದು. ಅವರು ದಪ್ಪ ರಬ್ಬರ್ ಕೈಗವಸು ತೊಟ್ಟು ಲೈನ್ ಬಂದ್ ಮಾಡಿ, ಬೀಗ ಹಾಕಿ, ಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿದರು. ಅಂಕಿ ಇಳಿಯುತ್ತ ಬಂದು ಸೊನ್ನೆಯಲ್ಲಿ ನಿಂತಿತು. ಪಕ್ಕದ ಪರೀಕ್ಷಕ ಗುರುತು ಹಾಕಿಕೊಂಡ. ದುಂಡಪ್ಪ ಮಾತ್ರ ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಗಾಜಿನ ಆಚೆ ನಿಂತಿದ್ದ ಕಲ್ಯಾಣಿಯ ಕಡೆ ಮೀಟರನ್ನು ತಿರುಗಿಸಿ ಹಿಡಿದರು.

ಅವಳು ಬಗ್ಗಿ ನೋಡಿ ತಲೆಯಾಡಿಸುವವರೆಗೂ ಹಿಡಿದೇ ಇದ್ದರು.