ಸಡಿಲಾದ ಪ್ಯಾಂಟು

ಮೇಲಿನ ಮನೆಯವರಿಗೆ ಸೋಂಕು ತಗುಲಿ ನಮ್ಮ ಇಡೀ ಕಟ್ಟಡಕ್ಕೆ ಬೀಗ ಬಿದ್ದಾಗ, ನನಗೆ ಮೊದಲು ನೆನಪಾದದ್ದು ಗಂಡನ ಸಕ್ಕರೆ ಕಾಯಿಲೆ. ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ತಮ್ಮ ಬಾಗಿಲಲ್ಲೇ ನಿಂತು, ಸಕ್ಕರೆ ಹತೋಟಿಯಲ್ಲಿದ್ದರೆ ಸೋಂಕು ಬಂದರೂ ದೇಹ ತಡೆದುಕೊಳ್ಳುತ್ತದೆ, ಇಲ್ಲದಿದ್ದರೆ ಕಷ್ಟ ಎಂದರು. ನನಗಷ್ಟು ಸಾಕಿತ್ತು. ಡಬ್ಬಿಯ ಸಕ್ಕರೆಯನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಜಾಮು, ಬಿಸ್ಕತ್ತು ಕಸದ ಬುಟ್ಟಿ ಸೇರಿದವು. ಈ ಮನುಷ್ಯನಿಲ್ಲದೆ ಬದುಕುವ ಶಕ್ತಿ ನನಗಿಲ್ಲ, ಮುಚ್ಚುಮರೆ ಯಾಕೆ.

ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಜನ್ಮವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಹೊಟ್ಟೆ ಬೆಳೆಸಿದವರು. ಅಡುಗೆಮನೆಯಿಂದ ಬಾಲ್ಕನಿಯವರೆಗೆ ನಡೆಯಿರಿ ಎಂದರೆ, ತಿರುವಿನಲ್ಲಿ ಕೈ ಚಾಚಿ ಸಿಗ್ನಲ್ ಕೊಡುತ್ತ, ಫ್ರಿಜ್ಜಿನ ಎದುರು ಬಾಯಲ್ಲೇ ಹಾರ್ನ್ ಮಾಡುತ್ತ ಎರಡು ದಿನ ನಡೆದರು. ಮೂರನೆಯ ದಿನ ಸೋಫಾದಲ್ಲಿ ಪಾರ್ಕ್ ಆದರು. ಇಷ್ಟು ಸುತ್ತಿದರೂ ಹೊಟ್ಟೆ ಕೂದಲೆಳೆಯಷ್ಟೂ ಕರಗಿಲ್ಲವಂತೆ, ಇನ್ನು ಕಾಲು ಸವೆಸುವುದು ದಂಡವಂತೆ.

ನಾನು ಬಾಯಿ ಮಾಡಲು ಹೋಗಲಿಲ್ಲ. ನಾನು ಟೈಲರ್. ಪ್ಯಾಂಟಿನ ಹಿಂಭಾಗದ ಹೊಲಿಗೆಯೊಳಗೆ, ಮುಂದೆ ದಪ್ಪಗಾಗುವವರಿಗೆಂದೇ ನಾವು ಒಂದಿಷ್ಟು ಬಟ್ಟೆ ಮಡಚಿಟ್ಟಿರುತ್ತೇವೆ. ಅವರು ಸ್ನಾನಕ್ಕೆ ಹೋದಾಗ ಆ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸಿ ಮತ್ತೆ ಹೊಲಿದಿಟ್ಟೆ. ಪ್ಯಾಂಟು ಏರಿಸಿಕೊಂಡವರು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡರು. ಅವತ್ತು ಸಂಜೆಯವರೆಗೆ ಕೂರಲೇ ಇಲ್ಲ. ಮರುದಿನ ಇನ್ನೊಂದಿಷ್ಟು ಸಡಿಲಿಸಿದೆ. ಹತ್ತು ದಿನ ಹಾಡಿಕೊಂಡು ನಡೆದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಉಬ್ಬಿಸಿದ್ದು ಅತಿಯಾಯಿತು. ನಡೆದರೇ ಇಷ್ಟು ಕರಗುವುದಾದರೆ ಊಟ ಬಿಟ್ಟರೆ ಇನ್ನೆಷ್ಟು ಕರಗಬೇಡ ಎಂದು ಅವರ ತಲೆ ಓಡಿತು. ಒಂದು ಬೆಳಿಗ್ಗೆ ಮಾತ್ರೆಯನ್ನು ಮಾತ್ರ ನುಂಗಿ, ತಿಂಡಿಯ ತಟ್ಟೆಯನ್ನು ನನ್ನ ಕಣ್ಣು ತಪ್ಪಿಸಿ ಫ್ರಿಜ್ಜಿನೊಳಗೆ ತಳ್ಳಿ, ನಡೆಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಹಾರ್ನ್ ನಿಂತುಹೋಯಿತು. ಮೆಷಿನ್ ಬಿಟ್ಟು ಎದ್ದು ಬಂದರೆ ಗೋಡೆ ಹಿಡಿದು ನಿಂತಿದ್ದಾರೆ. ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತಕ್ಕಿಂತ ಕೆಳಗೆ ಇಳಿದಿತ್ತು. ಈಗ ಬೇಕಾಗಿದ್ದು ಸಕ್ಕರೆಯೇ. ಮನೆಯಲ್ಲಿ ಒಂದು ಚಮಚವೂ ಇರಲಿಲ್ಲ. ಸುರಿದ ಮಹಾತಾಯಿ ನಾನೇ.

ಬಾಗಿಲು ತೆರೆದು ಗಂಟಲು ಹರಿಯುವಂತೆ ಡಾಕ್ಟರಮ್ಮನನ್ನು ಕೂಗಿದೆ. ಸಿಹಿಯೇ ಹಲ್ಲಿನ ಶತ್ರು ಎಂದು ಕಟ್ಟಡಕ್ಕೆಲ್ಲ ಬುದ್ಧಿ ಹೇಳುವ ಆಕೆ, ಮಾಸ್ಕ್ ಏರಿಸಿಕೊಂಡು ಒಂದು ದಿಂಬಿನ ಚೀಲ ಹಿಡಿದು ಓಡಿಬಂದರು. ಅದರ ತುಂಬ ಕಿತ್ತಳೆ ಜ್ಯೂಸಿನ ಪೊಟ್ಟಣಗಳು, ಪೆಪ್ಪರಮೆಂಟು, ಬಗೆಬಗೆಯ ಟಾಫಿ. ಮೊದಲು ಜ್ಯೂಸ್ ಕುಡಿಸಿ ಎಂದರು, ಗುಟ್ಟು ಬಯಲಾದ ನಾಚಿಕೆಗೆ ನನ್ನ ಮುಖ ಮಾತ್ರ ನೋಡಲಿಲ್ಲ.

ಕಾಲು ಗಂಟೆಯಲ್ಲಿ ಗಂಡನ ಕಣ್ಣು ತಿಳಿಯಾಯಿತು. ನಾನು ಅಳುತ್ತ, ನಗುತ್ತ, ಬೈಯುತ್ತ ಹೊಲಿಗೆಯ ಕತೆಯನ್ನೆಲ್ಲ ಒದರಿಬಿಟ್ಟೆ. ಹೊತ್ತಿಗೆ ಸರಿಯಾಗಿ ತಿನ್ನುವುದು, ಮಾತ್ರೆ, ನಡಿಗೆ ಮೂರೂ ಒಟ್ಟಿಗಿರಬೇಕು ಎಂದು ಡಾಕ್ಟರಮ್ಮ ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡು ಹೊರಟರು. ಗಂಡನಿಗೆ ಜೀವ ಉಳಿದದ್ದರ ಪರಿವೆಯೇ ಇಲ್ಲ.

"ಹಾಗಾದ್ರೆ ನಾನು ಸಣ್ಣ ಆಗೇ ಇಲ್ವೇನೇ?" ಎಂದರು.

ಆ ಮುಖ ನೋಡಲಾಗಲಿಲ್ಲ. ಟೇಪ್ ತಂದು ಸೊಂಟಕ್ಕೆ ಸುತ್ತಿದೆ. ನಂಬಿಕೆಯಾಗದೆ ಮತ್ತೊಮ್ಮೆ ಸುತ್ತಿದೆ. ನಿಜಕ್ಕೂ ಮುಕ್ಕಾಲು ಇಂಚು ಇಳಿದಿತ್ತು. ತೋರಿಸಿದರೆ ಲಾಟರಿ ಹೊಡೆದವರ ಹಾಗೆ ಎದ್ದು ನಿಂತರು. ಅದು ತಾನು ಬೆವರು ಸುರಿಸಿ ದುಡಿದದ್ದು, ಪ್ಯಾಂಟನ್ನು ಅಷ್ಟೂ ಬಿಗಿ ಮಾಡಿ ಈಗಲೇ ಹೊಲಿದುಕೊಡಬೇಕು ಎಂದು ಹಟ ಹಿಡಿದರು.

"ಊಟಕ್ಕೆ ಕೂತ್ರೆ ಹೊಲೀತೀನಿ ರೀ," ಎಂದೆ. "ನೀವೇ ಇಲ್ದಿದ್ರೆ ಇದನ್ನ ನಾನು ಯಾರ ಅಳತೆಗೆ ಹೊಲೀಲಿ?"

ಅವರು ಪ್ಯಾಂಟು ಬಿಚ್ಚಿ ನನ್ನ ಕೈಗಿತ್ತು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ತೆಪ್ಪಗೆ ತಟ್ಟೆಯೆದುರು ಕೂತರು.