ಹಿಂಬಾಗಿಲ ಬೀಗದಕೈ

ಬೆಂಕಿ ಬಿದ್ದ ಕಾರ್ಖಾನೆಯಿಂದ ಸಾಲಾಗಿ ನಿಂತು, ಸೆರಗು ಕೊಡವಿ ತೋರಿಸಿ ಹೊರಬಂದವರನ್ನು ಎಲ್ಲಿಯಾದರೂ ಕಂಡಿದ್ದೀರಾ? ಪುತ್ತೂರಿನ ಹೊರಗಿದ್ದ ಆ ಗೇರುಬೀಜದ ಕಾರ್ಖಾನೆಯಲ್ಲಿ, ಎಪ್ಪತ್ತೆಂಟರ ಮಾರ್ಚಿನಲ್ಲಿ, ಬೀಜ ಸುಲಿಯುವ ಹೆಂಗಸರು ಹಾಗೆಯೇ ಬಂದರು. ಪಂಕಜಾಕ್ಷಿಯೂ ಬಂದಳು. ಅದನ್ನು ನೆನೆದರೆ ಅವಳಿಗೆ ಇಂದಿಗೂ ಮೈ ಉರಿಯುತ್ತದೆ.

ಕಾರ್ಖಾನೆಗೆ ಎರಡೇ ಬಾಗಿಲು. ಮುಂದಿನ ಗೇಟಿನಲ್ಲಿ ಕಾವಲಿನ ಹೆಂಗಸು ಸೀತು ನಿಂತು, ಹೊರಗೆ ಹೋಗುವ ಒಬ್ಬೊಬ್ಬಳ ಸೆರಗು, ಸೊಂಟ, ತುರುಬು ತಡವಿ ನೋಡಬೇಕು. ಒಂದು ಬೀಜ ಸಿಕ್ಕಿದರೂ ಕೆಲಸ ಹೋಯಿತು. ಹಿಂಬಾಗಿಲಿಗೆ ಯಾವಾಗಲೂ ಬೀಗ. ಬೀಗದಕೈ ಮ್ಯಾನೇಜರ್ ಪ್ರೇಮನಾಥನ ಸೊಂಟದಲ್ಲಿ. ಅವನು ಮಧ್ಯಾಹ್ನ ಮನೆಗೆ ಊಟಕ್ಕೆ ಹೋದರೆ ಅದೂ ಊಟಕ್ಕೆ ಹೋಗುತ್ತಿತ್ತು. ಬೆಂಕಿ ಆರಿಸಲಿಕ್ಕೆಂದು ಗೋಡೆಯಲ್ಲಿ ನಾಲ್ಕು ಕೆಂಪು ಬಕೆಟುಗಳಿದ್ದವು. ಅವಕ್ಕೆ ಮರಳು ತುಂಬುತ್ತಿದ್ದದ್ದು ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ. ಉಳಿದ ದಿನ ಅವು ಎಲೆಯಡಿಕೆ ಉಗಿಯಲಿಕ್ಕೆ.

ಪಂಕಜಾಕ್ಷಿ ಮೂರು ಸಲ ಕೇಳಿದ್ದಳು. “ಪಕ್ಕದ ಕೋಣೆಯಲ್ಲೇ ಬೀಜ ಹುರಿಯುದು ಸಾರ್. ಬೆಂಕಿ ಹಿಡಿದರೆ ನಾವು ಎಲ್ಲಿಂದ ಹೋಗುದು? ಬೀಗದಕೈ ಇಲ್ಲೇ ಒಂದು ಮೊಳೆಯಲ್ಲಿ ಇರಲಿ.”

“ಇಲ್ಲಿ ಇಟ್ಟರೆ ಅರ್ಧ ಬೀಜ ಹಿಂಬಾಗಿಲಲ್ಲೇ ನಡೆದುಕೊಂಡು ಹೋಗ್ತದೆ. ನಿಮ್ಮನ್ನು ನನಗೆ ಗೊತ್ತಿಲ್ವಾ ಮಾರಾಯ್ತಿ?” ಎಂದು ಪ್ರೇಮನಾಥ ನಕ್ಕಿದ್ದ. ಬೀಜ ಕಾಯುವ ಬುದ್ಧಿ ಅವನಿಗೆ ಧಾರಾಳವಾಗಿತ್ತು, ಜೀವ ಕಾಯುವ ಬುದ್ಧಿ ಮಾತ್ರ ಇರಲಿಲ್ಲ.

ಹುರಿಯುವ ಕೋಣೆಯಲ್ಲಿ ಬೀಜದ ಸಿಪ್ಪೆಯ ಎಣ್ಣೆಗೆ ಬೆಂಕಿ ತಗುಲಿದ್ದು ಸರಿಯಾಗಿ ಅವನ ಊಟದ ಹೊತ್ತಿಗೆ. ಕಣ್ಣು ಉರಿಸುವ ಕಪ್ಪು ಹೊಗೆ ನುಗ್ಗಿತು. ಹಿಂಬಾಗಿಲಿನ ಬೀಗ ಜಗ್ಗಿ ಸೋತವರೂ ಗೇಟಿಗೆ ಓಡಿದರು. ಅಲ್ಲಿ ಸೀತು ಎಂದಿನಂತೆ ಕೈ ಅಡ್ಡ ಹಿಡಿದಳು. ಅವಳೂ ಹೆದರಿದ್ದಳು, ಆದರೆ ಆ ಕೈಗೆ ಹನ್ನೆರಡು ವರ್ಷದ ಅಭ್ಯಾಸ. ಹೆಂಗಸರಿಗೂ ಅದೇ ಅಭ್ಯಾಸ. ಕೆಮ್ಮುತ್ತಾ ಸಾಲು ನಿಂತರು. ಒಬ್ಬೊಬ್ಬಳೇ ಸೆರಗು ಕೊಡವಿ, ಕೈ ಎತ್ತಿ, ಹೊರಗೆ ಹೋದಳು. ಪಂಕಜಾಕ್ಷಿಯೂ ಕೊಡವಿದಳು.

ಹೊರಗಿನ ಗಾಳಿ ಮುಖಕ್ಕೆ ಬಡಿದಾಗ ಅವಳಿಗೆ ಬುದ್ಧಿ ಬಂತು. ಝೈನಬ ಎಲ್ಲಿ? ಉಬ್ಬಸದ ಝೈನಬ, ಸಂದಿಯಲ್ಲಿ ಸ್ವಲ್ಪ ಗಾಳಿ ಬರುತ್ತದೆಂದು ಹಿಂಬಾಗಿಲ ಪಕ್ಕ ಕೂರುತ್ತಿದ್ದವಳು, ಗೇಟಿನ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಬಿದ್ದಿದ್ದಳು.

“ನಾವೆಂತ ದನಗಳಾ ಸೀತಕ್ಕ? ಕೈ ತೆಗಿ!” ಪಂಕಜಾಕ್ಷಿ ಸೀತುವನ್ನು ಎಳೆದು ಹಾಕಿದಳು. ಸಾಲು ಒಡೆದು ಎಲ್ಲರೂ ಹೊರಗೆ ಓಡಿದರು. ಝೈನಬಳನ್ನು ಹೊತ್ತು ತರಬೇಕಾಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳ ಉಸಿರು ನಿಂತಿತು.

ವಾರ ಕಳೆದು ಕಾರ್ಖಾನೆ ಮತ್ತೆ ತೆರೆಯಿತು. ಬಕೆಟುಗಳಲ್ಲಿ ಹೊಸ ಮರಳು, ಹಿಂಬಾಗಿಲಲ್ಲಿ ಹಳೆಯ ಬೀಗ. ಪ್ರೇಮನಾಥ ಝೈನಬಳ ಹೆಸರೆತ್ತಲಿಲ್ಲ. ಸೀತುವನ್ನು ಕರೆದು ಕೇಳಿದ್ದು ಒಂದೇ ಮಾತು: “ಆವತ್ತು ಗಲಾಟೆಯಲ್ಲಿ ತಪಾಸಣೆ ಇಲ್ಲದೆ ಎಷ್ಟು ಜನ ಹೊರಗೆ ಹೋದದ್ದು?”

ಸೀತು ಝೈನಬಳ ಖಾಲಿ ಮಣೆಯ ಕಡೆ ನೋಡಿದಳು. ಪಂಕಜಾಕ್ಷಿಗೂ ಆ ಮಾತು ಕೇಳಿಸಿತು. ಅವಳ ಕೈಯಲ್ಲಿದ್ದ ಬೀಜ ಪುಡಿಯಾಯಿತು.

ಮಧ್ಯಾಹ್ನ ಅವನು ಊಟಕ್ಕೆಂದು ಗೇಟಿಗೆ ಬಂದಾಗ ಸೀತು ಕೈ ಅಡ್ಡ ಹಿಡಿದಳು. “ಕೈ ಎತ್ತಿ ಸಾರ್.”

“ಎಂತ? ನಿನಗೆ ತಲೆ ಸರಿ ಉಂಟಾ?”

ಅವನು ತಿರುಗಿ ನೋಡಿದ. ಹಿಂದೆ ಅಷ್ಟೂ ಹೆಂಗಸರು ಸಾಲಾಗಿ ನಿಂತಿದ್ದರು, ಸಾಲಿನ ಮುಂದೆ ಪಂಕಜಾಕ್ಷಿ.

“ಹೊರಗೆ ಹೋಗುವವರೆಲ್ಲ ಎತ್ತಬೇಕು. ನೀವೇ ಮಾಡಿದ ನಿಯಮ,” ಎಂದಳು ಅವಳು. “ಕದ್ದ ಮಾಲು ಉಂಟು ನಿಮ್ಮ ಹತ್ತಿರ.”

ಅವನ ಕೈ ನಿಧಾನವಾಗಿ ಮೇಲೆ ಹೋಯಿತು.  ಸೀತು ಅವನ ಸೊಂಟದಿಂದ ಬೀಗದಕೈ ಬಿಚ್ಚಿ ಪಂಕಜಾಕ್ಷಿಗೆ ಕೊಟ್ಟಳು.

ಪಂಕಜಾಕ್ಷಿ ಝೈನಬಳ ಖಾಲಿ ಮಣೆಯ ಬಳಿಯಿಂದ ಹಿಂಬಾಗಿಲಿಗೆ ನಡೆದು ಬೀಗ ತೆಗೆದಳು. ಮಣೆಯಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ ಇತ್ತು.